ನಾಲ್ಕನೆಯ ಎಣ್ಣೆ

ಮೂರು ಎಣ್ಣೆಗಳ ಹೆಸರು ಹೇಳಿ ಹುಮಾ ನಿಲ್ಲಿಸಿದಳು. ಸೋಯಾ ಎಣ್ಣೆ, ಕೊಬ್ಬರಿ ಎಣ್ಣೆಯಿಂದ ತೆಗೆದದ್ದು ಒಂದು, ಆಲಿವ್ ಎಣ್ಣೆ. ನಾಲ್ಕನೆಯದು ನಾಲಿಗೆಯ ತುದಿಯವರೆಗೆ ಬಂದು ಹಿಂದಕ್ಕೆ ಸರಿಯಿತು. ಕೇಳಿದವಳು ಕೊಟ್ರವ್ವ, ಕೊಂಡಜ್ಜಿ ಎಂಬ ಹಳ್ಳಿಯ ಅರವತ್ತೆರಡು ವರ್ಷದ ಹೆಂಗಸು. ಕರುಳು ತಿರುಚಿಕೊಂಡು, ಕೆಟ್ಟ ಭಾಗವನ್ನು ಕತ್ತರಿಸಿ ತೆಗೆಸಿಕೊಂಡು, ಹನ್ನೊಂದು ದಿನದಿಂದ ದಾವಣಗೆರೆಯ ಪಿ.ಜೆ. ಬಡಾವಣೆಯ ಈ ಆಸ್ಪತ್ರೆಯ ಐಸಿಯುವಿನಲ್ಲಿದ್ದಳು. ಒಳಗಿನ ಹೊಲಿಗೆ ಕೂಡುವವರೆಗೆ ಬಾಯಿಗೆ ನೀರೂ ಹಾಕುವಂತಿರಲಿಲ್ಲ. ಊಟವೆಲ್ಲ ಕೊರಳ ಪಕ್ಕದ ರಕ್ತನಾಳಕ್ಕೆ, ಆಸ್ಪತ್ರೆಯ ಫಾರ್ಮಸಿಸ್ಟ್ ಹುಮಾ ದಿನಾ ತನ್ನ ಕೈಯಾರೆ ಬೆರೆಸಿ ಕಳಿಸುವ ಬಿಳಿಯ ಚೀಲದಿಂದ. ಸಾಲದ್ದಕ್ಕೆ ಆರು ದಿನದ ಹಿಂದೆ ಶ್ವಾಸಕೋಶಗಳೆರಡೂ ಉರಿಯೂತದಿಂದ ಬಾತು, ಮೂಗಿಗೆ ದಪ್ಪ ಕೊಳವೆ ಹಾಕಿ ಜೋರಾಗಿ ಆಮ್ಲಜನಕ ಬಿಡಬೇಕಾಗಿ ಬಂದಿತ್ತು. ಇವತ್ತು ಸೋಮವಾರ ಬೆಳಿಗ್ಗೆ ಮೊದಲ ಸಲ ದಿಂಬಿಗೆ ಒರಗಿ ಕೂತಿದ್ದಳು. ಎಡಗೈ ಮಣಿಕಟ್ಟಿಗೆ ಬಿಳಿ ಬಟ್ಟೆಯಲ್ಲಿ ಸುತ್ತಿ ಕಟ್ಟಿದ ಇಷ್ಟಲಿಂಗ. ಚೀಲವನ್ನು ತಲೆಯೆತ್ತಿ ನೋಡಿ, ಒಬ್ಬ ಅಡುಗೆಯವಳು ಇನ್ನೊಬ್ಬಳ ಅಡುಗೆಯನ್ನು ವಿಚಾರಿಸುವ ಹಾಗೆ ಕೇಳಿದ್ದಳು.

"ನೋಡಾಕ ಹಾಲಿನಂಗ ಐತೆ. ಹಾಲಲ್ಲಂತೆ. ಏನೇನು ಹಾಕ್ತೀಯವ್ವಾ ಇದಕ್ಕ?"

ಸಕ್ಕರೆ, ಉಪ್ಪು, ಪ್ರೋಟೀನು, ವಿಟಮಿನ್ನು, ಎಣ್ಣೆ ಎಂದಿದ್ದಳು ಹುಮಾ. ಬೇರೆ ಯಾರಾದರೂ ಅಲ್ಲಿಗೆ ತಲೆಯಾಡಿಸಿ ಸುಮ್ಮನಾಗುತ್ತಿದ್ದರು. ಕೊಟ್ರವ್ವ ಮಾತ್ರ ಯಾವ ಎಣ್ಣೆ ಎಂದು ಕೇಳಿದಳು. ಮೂರು ಹೆಸರು ಕೇಳಿಸಿಕೊಂಡು, ಸೋಯಾ ಗೊತ್ತು, ಹೊಲದಾಗ ಹಾಕಿದ್ದೆವು ಒಂದು ವರ್ಷ, ಆಲಿವ್ ಗೊತ್ತಿಲ್ಲ ಎಂದಳು. ಆಮೇಲೆ, ನಿನ್ನ ಕೈಗುಣ ಚಲೋ ಐತೆ ಎಂದು ಹುಮಾಳ ಮೊಣಕೈಯನ್ನು ಎರಡು ಬೆರಳಿನಿಂದ ಮುಟ್ಟಿದಳು. ಆ ಎರಡು ಬೆರಳು ಮುಟ್ಟಿದ ಜಾಗ ಹುಮಾಳಿಗೆ ಕಾರಿಡಾರಿನ ಉದ್ದಕ್ಕೂ ಗೊತ್ತಾಗುತ್ತಿತ್ತು.

ಎಣ್ಣೆ ಬದಲಿಸಲು ಹೇಳಿದವಳು ಅವಳೇ. ಗುರುವಾರದ ರೌಂಡ್ಸಿನಲ್ಲಿ ಐಸಿಯುವಿನ ಹಿರಿಯ ವೈದ್ಯ ಡಾ. ಅಶ್ವಥ್ ಅವರ ಮುಂದೆ, ಬರೀ ಸೋಯಾ ಎಣ್ಣೆಯ ಚೀಲ ಇನ್ನು ಬೇಡ ಸರ್ ಎಂದಿದ್ದಳು. ದನಿ ಒಂದಿಷ್ಟೂ ನಡುಗಿರಲಿಲ್ಲ. ಸೋಯಾದ ಕೊಬ್ಬಿನಿಂದ ದೇಹ ಉರಿಯೂತ ಕೆರಳಿಸುವ ರಾಸಾಯನಿಕಗಳನ್ನು ಮಾಡಿಕೊಳ್ಳುತ್ತದೆ, ಉರಿಯುತ್ತಿರುವ ಶ್ವಾಸಕೋಶಕ್ಕೆ ಅದೇ ಸೌದೆ. ಮೀನಿನ ಎಣ್ಣೆ ಬೆರೆತದ್ದನ್ನು ಕೊಟ್ಟರೆ ಜೀವಕೋಶದ ಪೊರೆಯಲ್ಲಿ ಅದು ಜಾಗ ಹಿಡಿದು ಉರಿಯನ್ನು ತಗ್ಗಿಸುವ ಸಾಧ್ಯತೆ ಇದೆ. ಹಾಗಂತ ಅದು ಮಂತ್ರವಲ್ಲ. ಕೆಲವು ಅಧ್ಯಯನಗಳಲ್ಲಿ ಐಸಿಯುವಿನ ದಿನಗಳು ಕಡಿಮೆಯಾಗಿದ್ದವು, ಕೆಲವರಿಗೆ ವ್ಯತ್ಯಾಸವೇ ಕಂಡಿರಲಿಲ್ಲ. ಇಷ್ಟನ್ನೂ ಅವಳು ಹೇಳಿದ್ದಳು. ಅಶ್ವಥ್ ಕಿರಿಯ ವೈದ್ಯರ ಕಡೆ ತಿರುಗಿ, ಹಿಂಗೆ ಓದಿಕೊಂಡು ಬರ್ರಿ ಅಂದಿದ್ದರು. ಅವತ್ತು ಶೇಕಡಾ ಅರವತ್ತು ಬೇಕಾಗಿದ್ದ ಆಮ್ಲಜನಕ ಇವತ್ತು ನಲವತ್ತೈದಕ್ಕೆ ಇಳಿದಿತ್ತು. ತನ್ನ ಲೆಕ್ಕ ಸರಿಯಿತ್ತು ಎಂಬುದರಲ್ಲಿ ಹುಮಾಳಿಗೆ ಅನುಮಾನವಿರಲಿಲ್ಲ. ಅನುಮಾನವಿಲ್ಲದ ಕಡೆಯೇ ಈಗ ಚುಚ್ಚುತ್ತಿತ್ತು. ಸರಿ ಇದ್ದದ್ದನ್ನು ಮಾಡಿ, ಹೆಸರು ಹೇಳುವಾಗ ಯಾಕೆ ನುಂಗಿಕೊಂಡೆ?

ಗುರುವಾರವೇ ಹೇಳಬಹುದಿತ್ತು. ಕೊಟ್ರವ್ವನ ಮಗ ಮಾಲತೇಶ್ ಹೊರಗಿನ ಬೆಂಚಿನ ಮೇಲೆಯೇ ಇದ್ದ. ಅವಳು ಅವನ ಮುಂದೆಯೇ ಹಾದು ಹೋಗಿದ್ದಳು. ಹೇಳುವವಳು ನರ್ಸು ಬಿಂದುವೋ ಚೈತ್ರಾಳೋ ಆಗಿದ್ದರೆ ಅದು ಬರೀ ಔಷಧಿಯ ಮಾತಾಗುತ್ತಿತ್ತು. ಹುಮಾ ಹೇಳಿದರೆ, ಸಾಬರ ಹುಡುಗಿ ನಮ್ಮವ್ವಗೆ ಮೀನು ಹಾಕಿದ್ಲು ಎಂಬ ಮಾತಾಗುತ್ತದೆ. ಹೀಗೆ ಯೋಚಿಸಿದ್ದನ್ನು ಅವಳು ಅವತ್ತು ತನಗೂ ಒಪ್ಪಿಕೊಂಡಿರಲಿಲ್ಲ. ಚೀಲ ಬೇಗ ಆಗಬೇಕು ಎಂದು ನೆಪ ಮಾಡಿಕೊಂಡು ಒಳಗೆ ಹೋಗಿಬಿಟ್ಟಿದ್ದಳು. ನಿಟ್ಟುವಳ್ಳಿಯ ಆ ಮಹಡಿ ಮನೆಯ ಮೆಟ್ಟಿಲ ಮೇಲೂ ಹೀಗೆಯೇ ಅವಸರ ಮಾಡಿಕೊಂಡು ಇಳಿದಿದ್ದಳಲ್ಲ. ಓದುವಾಗ ಬಾಡಿಗೆಗಿದ್ದ ಕೋಣೆ. ಮನೆಯೊಡತಿ ಭಾಗ್ಯಲಕ್ಷ್ಮಿ ಒಳ್ಳೆಯ ಹೆಂಗಸು, ಹಬ್ಬಕ್ಕೆ ಹೋಳಿಗೆ ಕೊಡುವಷ್ಟು. ಒಂದು ಸಂಜೆ ಬಾಗಿಲಲ್ಲಿ ನಿಂತು ಸೆರಗನ್ನು ಮೂಗಿನ ಹತ್ತಿರ ತಂದು, ಮೀನಿನ ವಾಸನೆ ಬಂದಂಗಾತು ಕಣಮ್ಮ ಎಂದು ನಕ್ಕಿದ್ದಳು. ಒಲೆಯ ಮೇಲಿದ್ದದ್ದು ತೊಗರಿಬೇಳೆ. ಮುಚ್ಚಳ ತೆಗೆದು ತೋರಿಸಿದ್ದರೆ ಆಗುತ್ತಿತ್ತು. ಹುಮಾ ಅದರ ಬದಲು, ನಾವು ಮೀನು ತಿನ್ನೋದೇ ಇಲ್ಲ ಆಂಟಿ ಅಂದಿದ್ದಳು. ಹರಿಹರದಲ್ಲಿ ಭಾನುವಾರ ಬೆಳಿಗ್ಗೆ ಅಬ್ಬಾ ಹೊಳೆಯ ಕಡೆಯಿಂದ ತಂದ ಮೀನನ್ನು ಅಮ್ಮಿ ಹಜೀರಾಬೀ ಬೂದಿ ಹಚ್ಚಿ ಉಜ್ಜುವುದನ್ನು ನೋಡುತ್ತಾ ಬೆಳೆದ ಹುಡುಗಿ. ಯಾರೂ ಹೊಡೆಯಲಿಲ್ಲ, ಬೈಯಲಿಲ್ಲ. ತನ್ನ ಮನೆಯನ್ನು ತಾನೇ ಅಲ್ಲಗಳೆದು ಮೆಟ್ಟಿಲಿಳಿದು ಬಂದಿದ್ದಳು.

ಮಧ್ಯಾಹ್ನ ಅಶ್ವಥ್ ಅವರ ಕೋಣೆಗೆ ಹೋಗಿ ವಿಷಯ ಹೇಳಿದಳು. ಅವರು ಎಕ್ಸ್‌ರೇಯಿಂದ ಕಣ್ಣು ತೆಗೆಯಲಿಲ್ಲ. ಔಷಧಿ ಔಷಧಿಯೇ, ಕ್ಯಾಪ್ಸೂಲಿನ ಸಿಪ್ಪೆ ಪ್ರಾಣಿಗಳ ಮೂಳೆ ಚರ್ಮದಿಂದ ಮಾಡ್ತಾರೆ ಅಂತ ಎಷ್ಟು ಜನರಿಗೆ ಹೇಳಿದ್ದೀವಿ, ಮಗ ಸಹಿ ಮಾಡಿದ್ದಾನೆ, ಶ್ವಾಸಕೋಶ ಈಗಷ್ಟೇ ತಿಳಿಯಾಗುತ್ತಿದೆ, ಸುಮ್ಮನೆ ಕದಡಬೇಡ ಎಂದರು. ಕೆಟ್ಟ ಮಾತೇನೂ ಅಲ್ಲ. ಗುರುವಾರ ಅವಳೂ ತನಗೆ ಇದನ್ನೇ ಹೇಳಿಕೊಂಡಿದ್ದಳು. ಆದರೆ ಬೆಳಿಗ್ಗೆ ಹತ್ತು ಗಂಟೆಯ ತನಕ ಯಾರೂ ಕೇಳಿರಲಿಲ್ಲ. ಈಗ ಒಬ್ಬಳು ಬಾಯಿಬಿಟ್ಟು ಕೇಳಿದ್ದಳು. ಅವರು ಕೇಳಿದ್ರು ಸರ್, ನಾನು ಮೂರೇ ಹೇಳಿದೆ ಎಂದಳು ಹುಮಾ. ಅಶ್ವಥ್ ಎಕ್ಸ್‌ರೇ ಕೆಳಗಿಟ್ಟು, ಮೊದಲು ಮಗನ ಹತ್ತಿರ ಮಾತಾಡು ಎಂದರು.

ಮಾಲತೇಶನಿಗೆ ಕೊಂಡಜ್ಜಿಯಲ್ಲಿ ಹಿಟ್ಟಿನ ಗಿರಣಿ. ಹನ್ನೊಂದು ದಿನದಿಂದ ಮುಚ್ಚಿ ಬಂದಿದ್ದ. ಕ್ಯಾಂಟೀನಿನ ಹಿಂದಿನ ಕಟ್ಟೆಯ ಮೇಲೆ ಅವಳು ಹೇಳಿದ್ದನ್ನೆಲ್ಲ ಕೇಳಿಸಿಕೊಂಡ. ಆಮೇಲೆ ನಿಧಾನವಾಗಿ ಹೇಳಿದ.

"ಅವ್ವಗ ಹೇಳಬ್ಯಾಡ್ರಿ ಮೇಡಂ. ಮೊಟ್ಟೆ ಮುಟ್ಟಿದ ಕೈಲೆ ನೀರು ಕೊಟ್ರೂ ಕುಡಿಯಾಕಿ ಅಲ್ಲ. ಗುಣ ಆಗಾಕತ್ತೈತೆ, ಹಂಗೇ ನಡೀಲಿ. ನಿಮಗೇನ್ರಿ, ನಿಮ್ಮೋರಿಗೆ ಅದು ರೂಢಿ ಐತೆ. ನಮ್ಮ ಮನಿ ಸಂಗತಿ ನಿಮಗ ತಿಳಿಯಲ್ಲ."

ಕೊನೆಯ ಮಾತು ಬಾಯಿಂದ ಬಿದ್ದ ಮೇಲೆ ಅವನಿಗೇ ಕಸಿವಿಸಿಯಾಯಿತು. ಚಹಾ ತರಿಸಲಾ ಎಂದು ಕೇಳಿದ. ನಾಲ್ಕು ದಿನದಿಂದ ಹುಮಾ ಯಾವ ಮಾತಿಗೆ ಹೆದರಿದ್ದಳೋ ಆ ಮಾತು ಕೊನೆಗೂ ಬಂದಿತ್ತು. ಬಂದದ್ದು ಸಣ್ಣದಾಗಿತ್ತು. ಒಬ್ಬ ದಣಿದ ಮನುಷ್ಯ, ತಾಯಿಯನ್ನು ಕಳೆದುಕೊಳ್ಳುವ ಭಯದಲ್ಲಿ, ಕೈಗೆ ಸಿಕ್ಕಿದ ಕಲ್ಲು ಎಸೆದಿದ್ದ, ಅಷ್ಟೆ. ಚಹಾ ಬೇಡ ಎಂದು ಎದ್ದು ಬಂದಳು.

ಮೂರು ಗಂಟೆಗೆ ಚೀಲ ಬೆರೆಸುವ ಕೋಣೆ. ಮೊಣಕೈವರೆಗೆ ಕೈ ತೊಳೆದು, ಗೌನು ತೊಟ್ಟು, ಸೋಸಿದ ಗಾಳಿ ಸದಾ ಎದುರಿನಿಂದ ಬೀಸುವ ಗಾಜಿನ ಪೆಟ್ಟಿಗೆಯ ಮುಂದೆ ಕೂತರೆ ಅವಳಿಗೆ ಲೋಕದಲ್ಲಿ ಬೇರೇನೂ ಕೇಳಿಸುವುದಿಲ್ಲ. ಇಲ್ಲಿ ಕೈ ತಪ್ಪುವುದಿಲ್ಲ. ಒಂದು ಹನಿ ಹೆಚ್ಚು ಕಡಿಮೆಯಾದರೆ ಕೈಗೇ ಗೊತ್ತಾಗುತ್ತದೆ. ಆ ಗಾಳಿಯ ಸದ್ದಿನಲ್ಲಿ ಯಾವಾಗಲೂ ಅಬ್ಬಾನ ಉಸಿರು. ಹಯಾತ್ ಸಾಬ್ ಹರಿಹರದಲ್ಲಿ ಮೂವತ್ತು ವರ್ಷ ಅರಳೆ ಹಿಂಜಿ ಗಾದಿ ಹೊಲಿದವನು. ಅಂಗಡಿಯ ತುಂಬ ಹಾರುವ ಹತ್ತಿಯ ಧೂಳು ಅವನ ಎದೆಯಲ್ಲಿ ಮನೆ ಮಾಡಿತ್ತು. ಚಿಕ್ಕಂದಿನಲ್ಲಿ ಅವನ ಬೆನ್ನಿಗೆ ಕಿವಿ ಹಚ್ಚಿ ಉಸಿರು ಎಣಿಸುವುದೇ ಅವಳ ಆಟ. ಇಪ್ಪತ್ತು ದಾಟಿದರೆ ಅಮ್ಮಿಯನ್ನು ಕರೆಯುವುದು. ದಾವಣಗೆರೆಯ ಡಾಕ್ಟರೊಬ್ಬರು ಏಳು ವರ್ಷ ಅವನಿಗೆ ಯಾವುದೋ ಗುಳಿಗೆ ಕೊಟ್ಟರು. ಅದೇನೆಂದು ಅವರು ಹೇಳಲಿಲ್ಲ, ಅಬ್ಬಾ ಕೇಳಲಿಲ್ಲ. ಮೂಳೆಗಳು ಟೊಳ್ಳಾಗಿ ಸೊಂಟ ಬಾಗಿದ ಮೇಲೆ, ಫಾರ್ಮಸಿ ಓದುತ್ತಿದ್ದ ಮಗಳು ಚೀಟಿ ನೋಡಿ ಸ್ಟೀರಾಯ್ಡ್ ಎಂದು ಗುರುತಿಸಿದ್ದಳು. ಉಸಿರಾಟಕ್ಕೆ ಅದು ಬೇಕೂ ಆಗಿತ್ತೇನೋ. ಹೇಳಿದ್ರೆ ನಾನೂ ತೂಗಿ ನೋಡ್ತಿದ್ನಲ್ಲ ಬೇಟಾ, ಅಂದಿದ್ದನಷ್ಟೆ ಅಬ್ಬಾ. ಹುಮಾ ನಾಲ್ಕೂ ಎಣ್ಣೆ ಬೆರೆತ ಬಾಟಲಿಯನ್ನು ಕೈಗೆತ್ತಿಕೊಂಡಳು, ತೆರೆಯದೆ ಪಕ್ಕಕ್ಕಿಟ್ಟಳು. ಗೌನು ಬಿಚ್ಚಿ ಐಸಿಯುವಿಗೆ ನಡೆದಳು.

ಕೊಟ್ರವ್ವನ ಪಕ್ಕ ಸ್ಟೂಲು ಎಳೆದುಕೊಂಡು ಕೂತಳು. ಬೆಳಿಗ್ಗೆ ಮೂರು ಎಣ್ಣೆ ಹೇಳಿದೆ ಅಜ್ಜಿ, ಅದರಲ್ಲಿರುವುದು ನಾಲ್ಕು ಎಂದಳು. ನಾಲ್ಕನೆಯದು ಮೀನಿನದು. ಗುರುವಾರದಿಂದ ಹೋಗುತ್ತಿದೆ. ಹಾಕಲು ಹೇಳಿದವಳು ನಾನು. ನಿಮ್ಮನ್ನು ಕೇಳಲಿಲ್ಲ, ನಿಮ್ಮ ಮಗನಿಗೂ ಹೇಳಿರಲಿಲ್ಲ.

ಕೊಟ್ರವ್ವನ ಬಲಗೈ ತಾನಾಗಿ ಎಡಗೈ ಮಣಿಕಟ್ಟಿನ ಇಷ್ಟಲಿಂಗವನ್ನು ಮುಚ್ಚಿತು. ಮಾನಿಟರಿನಲ್ಲಿ ಉಸಿರಿನ ಅಂಕಿ ಇಪ್ಪತ್ತಾರಕ್ಕೆ ಏರಿ ನಿಂತಿತು. ನಾನೇ ಈ ಅಂಕಿಯನ್ನು ಏರಿಸಿದೆ ಎಂದು ಹುಮಾ ಅಂದುಕೊಂಡಳು, ಆದರೂ ಕೂತಲ್ಲಿಂದ ಏಳಲಿಲ್ಲ.

"ಅದನ್ನ ಬಿಟ್ರ ನಾನು ಸಾಯ್ತೀನೇನು?" ಕೊಟ್ರವ್ವ ಕೇಳಿದಳು.

ಹೌದು ಎಂದರೆ ಎಲ್ಲ ಮುಗಿಯುತ್ತಿತ್ತು. ಮಗ, ಡಾಕ್ಟರು, ಯಾರೂ ತಪ್ಪು ಹಿಡಿಯುತ್ತಿರಲಿಲ್ಲ. ಹುಮಾ ತನಗೆ ಗೊತ್ತಿದ್ದನ್ನು ಗೊತ್ತಿದ್ದಷ್ಟೇ ಹೇಳಿದಳು.

"ಹಂಗ ಹೇಳಾಕ ಬರಲ್ಲ ಅಜ್ಜಿ. ಅದರಿಂದ ಎದಿ ಉರಿಯೂತ ಬೇಗ ಇಳೀಬಹುದು ಅಂತ ನನ್ನ ನಂಬಿಕಿ. ನನ್ನ ಅವ್ವ ಆಗಿದ್ರ ಅದನ್ನೇ ಹಾಕ್ತಿದ್ದೆ. ಆದ್ರ ಖಾತ್ರಿ ಇಲ್ಲ. ಅದಿಲ್ದೆನೂ ಗುಣ ಆದೋರು ಅದಾರ."

"ಹಂಗಾದ್ರ ಬ್ಯಾಡ."

ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡು ಮತ್ತೆ ಹೇಳಿದಳು. "ನೀ ಮಾಡಿದ್ದು ತಪ್ಪು. ಒಳ್ಳೇದಕ್ಕ ಮಾಡಿದ್ರೂ ತಪ್ಪು. ಈಗ ಹೋಗು, ನಾ ಒಬ್ಬಾಕೇ ಇರ್ತೀನಿ."

ಕ್ಷಮೆ ಸಿಗಲಿಲ್ಲ. ಸಿಗಬಹುದೆಂದು ಒಳಗೊಳಗೇ ಎಣಿಸಿಕೊಂಡೇ ಹೋಗಿದ್ದೆ ಎಂಬುದು ಹುಮಾಳಿಗೆ ಹೊರಗೆ ಬಂದ ಮೇಲೆ ತಿಳಿದು ನಾಚಿಕೆಯಾಯಿತು. ಆದರೆ ಆ ನಾಚಿಕೆಯಲ್ಲಿ ಕೂತಿರಲು ಸಮಯವಿರಲಿಲ್ಲ. ಏರಿದ್ದ ಚೀಲವನ್ನು ನರ್ಸಿಗೆ ಹೇಳಿ ನಿಲ್ಲಿಸಿಯಾಗಿತ್ತು, ಆರು ಗಂಟೆಗೆ ಹೊಸ ಚೀಲ ಏರಬೇಕು. ಹಳೆಯ ಸೋಯಾಕ್ಕೆ ಮರಳುವುದಿಲ್ಲ ಎಂದು ನಿರ್ಧರಿಸಿದಳು. ಹೆಚ್ಚು ಪಾಲು ಆಲಿವ್ ಎಣ್ಣೆಯೇ ಇರುವ ಬಾಟಲಿಯನ್ನು ಊರಿನ ಸಗಟು ಔಷಧಿ ವ್ಯಾಪಾರಿಯಿಂದ ತರಿಸಿ, ಎಣ್ಣೆಯ ಒಟ್ಟು ಪ್ರಮಾಣವನ್ನೂ ತಗ್ಗಿಸಿ, ಕಡಿಮೆಯಾದ ಶಕ್ತಿಯನ್ನು ಎಲ್ಲಿಂದ ತುಂಬಬೇಕೆಂದು ಹೊಸದಾಗಿ ಹಾಕಿದ ಲೆಕ್ಕವನ್ನು ಅಶ್ವಥ್ ಅವರ ಮುಂದಿಟ್ಟಳು. ಅವರಿಗೆ ಸಿಟ್ಟು ಬಂದಿತ್ತು. ಗುಣವಾಗುತ್ತಿದ್ದ ರೋಗಿಯನ್ನು ಮಾತಿನಿಂದ ಕೆಡಿಸಿದೆ ಎಂದರು. ಹಾಳೆಯನ್ನು ಎರಡು ಸಲ ಓದಿ, ತಪ್ಪೇನೂ ಸಿಗದೆ ಸಹಿ ಹಾಕಿದರು.

ಮಂಗಳವಾರ ಏನೂ ಆಗಲಿಲ್ಲ. ಬುಧವಾರ ಬೆಳಿಗ್ಗೆ ಕೊಟ್ರವ್ವನಿಗೆ ಜ್ವರ ಬಂತು. ಹನ್ನೊಂದರ ಹೊತ್ತಿಗೆ ಬೇಕಾದ ಆಮ್ಲಜನಕ ಶೇಕಡಾ ಎಪ್ಪತ್ತಕ್ಕೆ ಏರಿತು. ಕೊರಳ ಕೊಳವೆಯ ಸೋಂಕಿರಬಹುದು, ಶ್ವಾಸಕೋಶದ್ದೇ ಇರಬಹುದು, ಎರಡು ದಿನದಲ್ಲಿ ಎಣ್ಣೆ ಬದಲಾದದ್ದರಿಂದಲೇ ಹೀಗಾಗುವ ಹಾಗಿಲ್ಲ ಎಂದು ಹುಮಾಳ ಓದು ಹೇಳುತ್ತಿತ್ತು. ಆದರೂ ಹೊಸ ಲೆಕ್ಕದ ಹಾಳೆ ತೆಗೆದು ಮೊದಲಿನಿಂದ ಮತ್ತೆ ಕೂಡಿ ನೋಡಿದಳು. ವೆಂಟಿಲೇಟರ್ ಹಾಕಲೇಬೇಕು ಎಂದು ಅಶ್ವಥ್ ತೀರ್ಮಾನಿಸಿದರು. ನಿದ್ದೆಯ ಔಷಧಿ ಕೊಟ್ಟು ಗಂಟಲಿಗೆ ಕೊಳವೆ ಇಳಿಸುತ್ತೇವೆ, ಕೆಲವು ದಿನ ಎಚ್ಚರವಿರುವುದಿಲ್ಲ ಎಂದು ಕೊಟ್ರವ್ವನಿಗೆ ವಿವರಿಸುವಾಗ ಮಾಲತೇಶ್ ಕಾಲ ಬಳಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದ. ಹುಮಾ ಬಾಗಿಲ ಹತ್ತಿರ ಗೋಡೆಗೆ ಒರಗಿದ್ದಳು. ಕೊಟ್ರವ್ವ ಕೈಯೆತ್ತಿ ಡಾಕ್ಟರ ಕೋಟಿನ ತುದಿ ಹಿಡಿದುಕೊಂಡಳು. ಒಂದೊಂದು ಮಾತಿಗೂ ಒಂದೊಂದು ಉಸಿರು.

"ನನ್ನ ಮಗ ಮೆತ್ತನ ಮನಶಾ. ನನಗ ಎಚ್ಚರ ಇಲ್ದಾಗ ಅವನ್ನ ಕೇಳಬ್ಯಾಡ್ರಿ. ಆ ಹುಡುಗಿನ ಕೇಳ್ರಿ. ನಾ ಏನಂದಿದ್ದೆ ಅಂಬಾದು ಆಕಿ ಹೇಳ್ತಾಳ."

ಎಲ್ಲರೂ ತಿರುಗಿ ನೋಡಿದರು. ಹುಮಾ ಗೋಡೆ ಬಿಟ್ಟು ಮುಂದೆ ಬಂದಳು. ಹೊಗಳಿಕೆಗಿಂತ ದೊಡ್ಡದು, ಕ್ಷಮೆಗಿಂತ ಕಷ್ಟದ್ದು ಏನನ್ನೋ ಆ ಹೆಂಗಸು ಎಲ್ಲರ ಮುಂದೆ ಅವಳ ಮೇಲೆ ಹೊರಿಸಿದ್ದಳು. ಆಗಲಿ ಅಜ್ಜಿ ಎಂದಳು. ಕೊಟ್ರವ್ವ ಕೋಟಿನ ತುದಿಯನ್ನು ಬಿಟ್ಟಳು.

ಅಲ್ಲಿಂದ ಕೊಟ್ರವ್ವನ ಎದೆ ಯಂತ್ರದ ಲಯಕ್ಕೆ ಏರಿ ಇಳಿಯತೊಡಗಿತು. ಶುಕ್ರವಾರ ಮಧ್ಯಾಹ್ನ ಮಾಲತೇಶ್ ಔಷಧಾಲಯದ ಕಿಟಕಿಗೆ ಬಂದ. ಗಡ್ಡ ಬೆಳೆದಿತ್ತು. ಅವತ್ತು ನಾನು ಆಡಿದ ಮಾತು ತಪ್ಪಾತು ಎಂದು ಶುರು ಮಾಡಿ, ತಾನು ಬಂದ ಕೆಲಸಕ್ಕೆ ಬಂದ.

"ಆ ಎಣ್ಣಿ ಹಾಕಿಬಿಡ್ರಿ ಮೇಡಂ. ಅವ್ವಗ ಗೊತ್ತಾಗಲ್ಲ. ಪಾಪ ಬಂದ್ರ ನನಗ ಬರಲಿ."

ಬಾಟಲಿ ಅವಳ ಹಿಂದಿನ ಕಪಾಟಿನಲ್ಲೇ ಇತ್ತು. ಅದರ ಮೇಲೆ ಅವಳಿಗಿದ್ದ ನಂಬಿಕೆ ಒಂದು ಚೂರೂ ಕಡಿಮೆಯಾಗಿರಲಿಲ್ಲ. ಈ ಹೊತ್ತು ಮಾಲತೇಶನಿಗಿಂತ ಹೆಚ್ಚಾಗಿ ಅದನ್ನು ಏರಿಸಬೇಕೆಂದು ಬಯಸುತ್ತಿದ್ದವಳು ಅವಳೇ. ತಾನು ಸರಿ ಎಂದು ಗೊತ್ತಿರುವುದು ಬೇರೆ, ಆ ಸರಿಯನ್ನು ಇನ್ನೊಬ್ಬರ ರಕ್ತಕ್ಕೆ ಬಿಡುವ ಹಕ್ಕು ಬೇರೆ. ಇವೆರಡರ ನಡುವಿನ ಸಂದಿಯಲ್ಲಿ ಅವಳು ಒಂದು ವಾರದಿಂದ ನಿಂತಿದ್ದಳು. ಈಗ ಕಾಲು ಒಂದು ಕಡೆ ಊರಿತ್ತು. ಅವರು ಎದ್ದ ಮೇಲೆ ನೀವೇ ಕೇಳ್ರಿ, ಒಪ್ಪಿದ್ರೆ ಆ ಗಳಿಗೆಯಲ್ಲೇ ಹಾಕ್ತೀನಿ ಎಂದಳು.

"ಏಳದಿದ್ರ?"

"ಏಳದಿದ್ರೂ ಅವರಂದಿದ್ದು ಅಂದಿದ್ದೇ ಅಲ್ರಿ."

ಅವನು ಕಿಟಕಿಯ ಕಟ್ಟೆಗೆ ಹಣೆ ಹಚ್ಚಿ ನಿಂತ. ಹುಮಾ ಕಿಟಕಿ ಮುಚ್ಚಲಿಲ್ಲ, ಒಳಗೂ ಹೋಗಲಿಲ್ಲ. ಅವನು ತಲೆಯೆತ್ತುವವರೆಗೆ ಎದುರಿಗೇ ನಿಂತಿದ್ದಳು. ಅವತ್ತು ಸಂಜೆ ಹರಿಹರದ ಬಸ್ಸಿನಲ್ಲಿ ಪಕ್ಕದ ಹೆಂಗಸು ಯಾವ ಕೆಲಸ ತಾಯಿ ಎಂದು ಕೇಳಿದಾಗ, ಊಟ ಮಾಡಲಾಗದವರಿಗೆ ಊಟ ಬೆರೆಸುತ್ತೇನೆ ಎಂದು ಹೇಳಿ, ಆ ಮಾತು ತನಗೇ ಒಪ್ಪಿಗೆಯಾಗಿ, ಊರು ಬರುವವರೆಗೆ ಕಣ್ಣು ಮುಚ್ಚಿಕೊಂಡಳು.

ಶನಿವಾರ ಜ್ವರ ಬಿಟ್ಟಿತು. ಭಾನುವಾರ ಯಂತ್ರ ಕೊಡುತ್ತಿದ್ದ ಆಮ್ಲಜನಕವನ್ನು ನಲವತ್ತಕ್ಕೆ ಇಳಿಸಿದರು. ಸೋಮವಾರ ಬೆಳಿಗ್ಗೆ ಗಂಟಲ ಕೊಳವೆ ತೆಗೆದಾಗ ಕೊಟ್ರವ್ವ ತಾನೇ ಉಸಿರಾಡಿದಳು. ಬದಲಿಸಿದ ಪ್ರತಿಜೀವಕವೋ, ಆಲಿವ್ ಎಣ್ಣೆಯೋ, ಮೊದಲ ನಾಲ್ಕು ದಿನ ಒಳಹೋಗಿದ್ದ ಮೀನಿನ ಎಣ್ಣೆ ಇನ್ನೂ ಜೀವಕೋಶಗಳಲ್ಲಿ ಉಳಿದು ಮಾಡಿದ ಕೆಲಸವೋ, ಅವಳ ಗಟ್ಟಿ ಜೀವವೋ, ಬಿಡಿಸಿ ಹೇಳಲು ಯಾರಿಗೂ ಸಾಧ್ಯವಿರಲಿಲ್ಲ. ಅಶ್ವಥ್ ಹುಮಾಳನ್ನು ನಿಲ್ಲಿಸಿ, ಇನ್ನು ಮುಂದೆ ಈ ಎಣ್ಣೆ ಹಾಕುವ ಮೊದಲು ಹೇಳುವ ಕೆಲಸ ನಿನ್ನದೇ, ಕನ್ನಡದಲ್ಲಿ ಒಂದು ಹಾಳೆ ಬರೆದುಕೊಂಡು ಬಾ ಎಂದರು. ಅದು ಅವರ ರೀತಿಯ ರಾಜಿ.

ಮಧ್ಯಾಹ್ನ ಅವಳು ಕೊಟ್ರವ್ವನ ಹತ್ತಿರ ಹೋದಾಗ, ಎಚ್ಚರವಿಲ್ಲದಾಗ ಆ ಎಣ್ಣೆ ಹಾಕಿದೆಯಾ ಎಂದು ಕೇಳಿದರೆ ಕೊಡುವ ಉತ್ತರ ಸಿದ್ಧವಾಗಿತ್ತು. ಇಲ್ಲ ಅಜ್ಜಿ, ಒಂದು ಹನಿಯೂ ಇಲ್ಲ. ದಿನದ ಹಾಳೆಗಳಿವೆ, ಬೇಕಾದರೆ ಓದಿ ತೋರಿಸುತ್ತೇನೆ. ಮೆಟ್ಟಿಲು ಹತ್ತುವಾಗ ಅದನ್ನು ಎರಡು ಸಲ ಮನಸ್ಸಿನಲ್ಲೇ ಹೇಳಿ ನೋಡಿಕೊಂಡಿದ್ದಳು. ಕೊಟ್ರವ್ವ ಕಣ್ಣು ತೆರೆದು ಅವಳನ್ನು ಗುರುತಿಸಿದಳು. ಗಂಟಲು ಕೂತು ದನಿ ಪಿಸುಮಾತಿನಷ್ಟಾಗಿತ್ತು. ಹುಮಾ ಕೇಳಿಸಿಕೊಳ್ಳಲು ಬಾಗಿದಳು.

"ತಲಿ ಭಾಳ ಸಿಕ್ಕಾಗೈತೆ. ಒಂದೀಟು ಬಾಚ್ತೀಯೇನು?"

ಹುಮಾ ಕಾದಳು. ಎಣ್ಣೆಯ ಮಾತು ಬರಲೇ ಇಲ್ಲ. ಕೊಟ್ರವ್ವ ಆಗಲೇ ದಿಂಬಿನ ಮೇಲೆ ಮುಖವನ್ನು ಆಚೆ ತಿರುಗಿಸಿ, ಹದಿನೆಂಟು ದಿನದಿಂದ ಬಾಚಣಿಗೆ ಕಾಣದೆ ಹುರಿಗಟ್ಟಿದ್ದ ನರೆಗೂದಲನ್ನು ಅವಳ ಕಡೆಗೆ ಮಾಡಿ ಮಲಗಿದ್ದಳು. ಬಿಂದು ಸಿಸ್ಟರ್ ಬಾಚಣಿಗೆ ತಂದುಕೊಟ್ಟಳು. ಹುಮಾ ಸ್ಟೂಲಿನ ಮೇಲೆ ಕೂತು, ಬುಡದಲ್ಲಿ ಎಳೆ ಜಗ್ಗದಂತೆ ಒಂದು ಕೈಯಲ್ಲಿ ಹಿಡಿದು, ತುದಿಯಿಂದ ಶುರು ಮಾಡಿ ಒಂದೊಂದೇ ಸಿಕ್ಕು ಬಿಡಿಸತೊಡಗಿದಳು.